ಸೋಫಾದ ಮೇಲೆ ಪುನರ್ಪುಳಿ, ಜಮಖಾನೆಯ ಮೇಲೆ ಕಾಫಿ

ಗಣೇಶ ಚತುರ್ಥಿಯಿಂದ ತೊಡಗಿ ನವರಾತ್ರಿ, ಕೋಜಾಗಿರಿ, ದೀಪಾವಳಿ, ಕ್ರಿಸ್‌ಮಸ್ ತನಕ ಮುಂಬಯಿ, ಠಾಣೆ, ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಬಂದು ಹೋಗುವವರಿಗೆ ಲೆಕ್ಕವಿಲ್ಲ. ಊರಿನ ಚಾವಡಿಯಾದರೆ ಚೆಲ್ಲಿದ್ದನ್ನು ಒಂದು ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಇಲ್ಲಿ ಇರುವುದು ಒಂದೇ ಹಾಲ್. ಅದರಲ್ಲೇ ಸೋಫಾ, ಅದರಲ್ಲೇ ಕಾರ್ಪೆಟ್, ಅದರಲ್ಲೇ ಹತ್ತು ಹದಿನೈದು ಮಂದಿ. ಒಂದು ಲೋಟವೂ ಉರುಳದೆ ಹಬ್ಬ ಮುಗಿಯುವುದು ಅಪರೂಪ. ಸ್ವಂತ ಮನೆಯವರಿಗೆ ಅದು ಬರೇ ಬೇಸರದ ಸಂಗತಿ. ಆದರೆ ಹನ್ನೊಂದು ತಿಂಗಳ ಕರಾರಿನಲ್ಲಿ, ಮಾಲಕರ ಸೋಫಾ ಸಮೇತ ಬಾಡಿಗೆಗಿರುವ ಕುಟುಂಬಕ್ಕೆ ಅದು ಡಿಪಾಸಿಟ್ ಮರಳಿ ಬರುವುದೋ ಇಲ್ಲವೋ ಎಂಬ ಪ್ರಶ್ನೆ.

ಚೆಲ್ಲಿದವರ ಮುಖ ಸಣ್ಣದಾಗುತ್ತದೆ, ಮನೆಯವರು 'ಇರಲಿ, ಆಮೇಲೆ ನೋಡುವ' ಎನ್ನುತ್ತಾರೆ. ಮರ್ಯಾದೆಯ ಮಾತು ಸರಿಯೇ. ಆದರೆ ಕಲೆಯ ಮಟ್ಟಿಗೆ ಆ 'ಆಮೇಲೆ' ತುಂಬಾ ದುಬಾರಿ. ನಗುನಗುತ್ತಲೇ ಒಂದು ಹಳೆಯ ಬಿಳಿ ಪಂಚೆಯ ತುಂಡನ್ನು ತಂದು ಚೆಲ್ಲಿದ ಜಾಗದ ಮೇಲೆ ಒತ್ತಬೇಕು. ಒತ್ತಬೇಕೇ ಹೊರತು ಉಜ್ಜಬಾರದು. ಉಜ್ಜಿದರೆ ಬಣ್ಣ ನೂಲಿನ ಒಳಕ್ಕೆ ಇಳಿಯುತ್ತದೆ, ಕಲೆಯೂ ಅಗಲವಾಗುತ್ತದೆ. ಅಂಚಿನಿಂದ ನಡುವಿನ ಕಡೆಗೆ, ಬಟ್ಟೆಯ ಒಣಗಿದ ಭಾಗವನ್ನು ಮತ್ತೆ ಮತ್ತೆ ಬದಲಿಸುತ್ತ ಒತ್ತಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕೈಗೆ ಸಿಕ್ಕಿದ ದಿನಪತ್ರಿಕೆ, ಬಣ್ಣದ ಕಾಗದದ ನ್ಯಾಪ್‌ಕಿನ್ ಬೇಡ. ಅವುಗಳ ಬಣ್ಣವೇ ಹತ್ತಿಕೊಂಡೀತು.

ನಮ್ಮ ಕಾಫಿ ಚಹಾದ ಕಲೆ ಒಂದಲ್ಲ, ಎರಡು. ಡಿಕಾಕ್ಷನ್ನಿನ ಕಂದು ಬಣ್ಣ ಬೇರೆ, ಹಾಲಿನ ಜಿಡ್ಡು ಬೇರೆ. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮೊದಲು ತಣ್ಣೀರು, ಬಳಿಕ ಒಂದು ಕಪ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಹಾಕಿ ಒದ್ದೆ ಬಟ್ಟೆಯಿಂದ ಒತ್ತುವುದು. ಕಂದು ಬಣ್ಣ ಉಳಿದರೆ ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಒತ್ತಬಹುದು. ಕೊನೆಗೆ ಬರೇ ನೀರಿನ ಬಟ್ಟೆಯಿಂದ ಸೋಪನ್ನು ತೆಗೆಯಲೇಬೇಕು. ಉಳಿದ ಸೋಪು ಧೂಳನ್ನು ಎಳೆಯುತ್ತದೆ, ತಿಂಗಳೊಳಗೆ ಅದೇ ಜಾಗ ಮತ್ತೆ ಕಪ್ಪಾಗುತ್ತದೆ. ತಂಪು ಪಾನೀಯ, ಪಾನಕದ ಸಕ್ಕರೆ ಬೆಲ್ಲವೂ ಹೀಗೆಯೇ. ಜತೆಗೆ ಇರುವೆಗಳು ಬೇರೆ.

ಪುನರ್ಪುಳಿ ಶರಬತ್ತು ಮತ್ತು ಕ್ರಿಸ್‌ಮಸ್ಸಿನ ಕೆಂಪು ವೈನ್ ಒಂದೇ ಜಾತಿಯವು. ಅವುಗಳ ಕೆಂಪು ಬಣ್ಣಕ್ಕೆ ಕ್ಷಾರ ತಾಗಿದರೆ ನೀಲಿಬೂದಿಯತ್ತ ತಿರುಗುತ್ತದೆ. ಕಲೆ ಕಂಡ ಕೂಡಲೇ ಅಡುಗೆ ಸೋಡಾ ಸುರಿಯುವವರು ಗಾಬರಿಯಾಗುವುದು ಇದಕ್ಕೇ. ಒತ್ತಿ ತೆಗೆದ ಮೇಲೆ ಉಪ್ಪು ಹರಡಿದರೆ ಉಳಿದ ತೇವವನ್ನು ಅದು ಹೀರುತ್ತದೆ. ಅನಂತರ ತಣ್ಣೀರು ಮತ್ತು ವಿನೆಗರ್ ಸಾಕು.

ಎಲ್ಲಕ್ಕಿಂತ ಹಟಮಾರಿ ಅರಿಶಿನ. ಕೋಜಾಗಿರಿಯ ರಾತ್ರಿ ಮಸಾಲೆ ಹಾಲಿಗೆ ಕೇಸರಿಯ ಬದಲು ಚಿಟಿಕೆ ಅರಿಶಿನ ಹಾಕುವ ಮನೆಗಳಿಗೆ ಇದು ಗೊತ್ತು. ಬಟ್ಟೆ ಸೋಪು ತಾಗಿದೊಡನೆ ಹಳದಿ ಹೋಗಿ ಕೆಂಪಾಗುತ್ತದೆ. ಕಲೆ ಹೆಚ್ಚಿತು ಎಂದು ಇನ್ನಷ್ಟು ಉಜ್ಜುವುದು ವ್ಯರ್ಥ. ಅರಿಶಿನದ ಬಣ್ಣ ಬೆಳಕಿಗೆ ತಾಳದು. ತೆಗೆಯಬಹುದಾದ ಕುಶನ್ ಕವರನ್ನು ಹಾಲಿನಂಶ ತೊಳೆದು ಬಿಸಿಲಿಗೆ ಹಾಕಿದರೆ ಕ್ರಮೇಣ ಮಾಸುತ್ತದೆ. ಗಾಢ ಬಣ್ಣದ ಕವರ್ ಬಿಸಿಲಿಗೆ ತಾನೇ ಮಾಸೀತು, ಆಗಾಗ ನೋಡುತ್ತಿರಬೇಕು.

ಸೋಫಾದ ಕುಶನ್ ಕೆಳಗೆ ಚೀಟಿಯಿದ್ದರೆ ಒಮ್ಮೆ ಓದುವುದು ಒಳಿತು. ಡಬ್ಲ್ಯು ಎಂದಿದ್ದರೆ ನೀರು ಹಾಕಬಹುದು, ಎಸ್ ಎಂದಿದ್ದರೆ ಡ್ರೈಕ್ಲೀನಿಂಗ್ ದ್ರಾವಕ ಮಾತ್ರ, ಎಕ್ಸ್ ಎಂದಿದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಬೇಡ. ಏನೇ ಹಾಕುವುದಿದ್ದರೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಬೇಕು. ಊರಿನಿಂದ ತಂದ ನವಲಗುಂದದ ಜಮಖಾನೆ ಹತ್ತಿಯದ್ದು, ಅದರ ಬಣ್ಣ ಬಿಡುತ್ತದೋ ಎಂದು ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕು. ಭದೋಹಿಯ ಉಣ್ಣೆಯ ರತ್ನಗಂಬಳಿಗೆ ಕ್ಲೋರಿನ್ ಬ್ಲೀಚ್ ಸರ್ವಥಾ ಕೂಡದು, ಅದು ಉಣ್ಣೆಯನ್ನೇ ಕರಗಿಸುತ್ತದೆ. ಬ್ಲೀಚ್ ಮತ್ತು ವಿನೆಗರ್ ಬೆರೆತರೆ ವಿಷಾನಿಲ ಬರುತ್ತದೆ. ಕಿಟಿಕಿ ಮುಚ್ಚಿದ ಸಣ್ಣ ಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಮುಂಬಯಿಯಲ್ಲಿ ಕಲೆ ತೆಗೆಯುವುದಕ್ಕಿಂತ ಒಣಗಿಸುವುದೇ ಕಷ್ಟ. ಚೌತಿಯ ದಿನಗಳಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಬಕೆಟ್ ನೀರು ಸುರಿದರೆ ಒಳಗಿನ ಸ್ಪಂಜು ಅದನ್ನು ಹಿಡಿದಿಟ್ಟು ಬೂಷ್ಟು ಹಿಡಿಯುತ್ತದೆ. ಅಲ್ಲದೆ ತಳದಲ್ಲಿ ಉಳಿದ ಬಣ್ಣ ಒಣಗುವ ನೀರಿನೊಂದಿಗೆ ಮೇಲೆ ಬಂದು, ಹೋಯಿತೆಂದುಕೊಂಡ ಕಲೆ ಬೆಳಗ್ಗೆ ಮತ್ತೆ ಕಾಣಿಸುತ್ತದೆ. ಅದಕ್ಕೆ ಮಡಚಿದ ದಪ್ಪ ಟವಲನ್ನು ಅಲ್ಲಿರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕು ದಪ್ಪ ಪುಸ್ತಕಗಳ ಭಾರವಿಟ್ಟು ರಾತ್ರಿ ಬಿಟ್ಟರೆ ಬಣ್ಣ ಟವಲಿಗೆ ಏರುತ್ತದೆ. ಬೆಳಗ್ಗೆ ಟವಲ್ ತೆಗೆದು ಫ್ಯಾನ್ ಹಾಕಿಡಬೇಕು.

ಇಷ್ಟಾದ ಮೇಲೂ ಉಳಿದರೆ ವೃತ್ತಿಪರರನ್ನು ಕರೆಯುವುದೇ ಮೇಲು. ಅವರಿಗೆ ಚೆಲ್ಲಿದ್ದು ಏನು, ಎಂದು, ಆಮೇಲೆ ಮನೆಯಲ್ಲಿ ಏನೇನು ಹಾಕಲಾಯಿತು ಎಂಬ ಮೂರನ್ನೂ ಮರೆಮಾಚದೆ ಹೇಳಬೇಕು. ದರವನ್ನೂ ಮೊದಲೇ ಕೇಳಿಕೊಳ್ಳಬೇಕು.