ಉಪಚಾರ ಹೆಚ್ಚಾದರೆ ಕಕ್ಕೆ ಹೂ ಬಿಡದು

ಏಪ್ರಿಲ್ ಬಿಸಿಲಿಗೆ ಎಲೆ ಉದುರಿಸಿ, ಮೊಳದುದ್ದದ ಹಳದಿ ಗೊಂಚಲು ಇಳಿಬಿಡುವ ಕಕ್ಕೆ ಮರ ನೋಡಿ ಆಸೆಪಟ್ಟವರು ನರ್ಸರಿಗೆ ಓಡಬೇಕಿಲ್ಲ. ಅದೇ ಮರದಲ್ಲಿ ಹೋದ ವರ್ಷದ ಕಾಯಿಗಳು ಕರಿ ಕೋಲಿನಂತೆ ನೇತಾಡುತ್ತಿರುತ್ತವೆ. ಅವು ಮಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಒಂದನ್ನು ಕಲ್ಲಿನ ಮೇಲಿಟ್ಟು ಜಜ್ಜಿ. ಕಾಸು ಪೇರಿಸಿಟ್ಟಂತೆ ಬಿಲ್ಲೆಗಳ ಸಾಲು, ಖಾನೆಗೊಂದು ಬೀಜ, ಜೊತೆಗೆ ಅಂಟಂಟು ಕಪ್ಪು ತಿರುಳು. ಆಯುರ್ವೇದದ ‘ಆರಗ್ವಧ’ ಎಂಬ ಭೇದಿ ಮದ್ದು ಇದೇ. ಸಿಹಿಯೆಂದು ಮಕ್ಕಳು ನೆಕ್ಕದಿರಲಿ. ತೊಳೆದ ಬೀಜವನ್ನು ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಕಲ್ಲಿನಂತೆ ಬಿದ್ದಿರುತ್ತದೆ, ಏಕೆಂದರೆ ಸಿಪ್ಪೆ ನೀರನ್ನು ಒಳಬಿಡುವುದಿಲ್ಲ. ಬೀಜದ ಅಂಚನ್ನು ಉಪ್ಪುಕಾಗದಕ್ಕೆ ಉಜ್ಜಿ, ಒಳಗಿನ ಬಿಳುಪು ಇಣುಕಿದೊಡನೆ ನಿಲ್ಲಿಸಿ. ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನಷ್ಟೇ ಬಿತ್ತಿ. ಉಬ್ಬದವನ್ನು ಇನ್ನೊಮ್ಮೆ ಉಜ್ಜಬೇಕು.

ಸಸಿಯ ತಾಯಿಬೇರು ಬೇಗ ಇಳಿಯುತ್ತದೆ, ಆದ್ದರಿಂದ ಉದ್ದನೆಯ ಚೀಲವೇ ಬೇಕು. ಕುಂಡದಲ್ಲಿ ಬೇರು ಸುತ್ತಿಕೊಂಡ ಗಿಡ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಮುಂಗಾರು ಹಿಡಿದ ಮೇಲೆ, ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡಿ. ಮೊದಲ ಎರಡು ಬೇಸಿಗೆ ನೀರು ಕೊಡಿ. ಆಮೇಲೆ ಕೈ ಬಿಗಿಹಿಡಿಯಬೇಕು. ಇಲ್ಲಿಯೇ ನಮ್ಮವರು ಸೋಲುವುದು: ಹುಲ್ಲುಹಾಸಿಗೆ ಹರಿಸಿದ ನೀರು, ಗೊಬ್ಬರ ಎರಡನ್ನೂ ಕುಡಿದು ಮರ ಹಸಿರಾಗಿ ಕೊಬ್ಬುತ್ತದೆ, ಹೂವು ಮಾತ್ರ ಬೆರಳೆಣಿಕೆ. ಚಳಿಗಾಲ ಕಳೆದು ನೆಲ ಒಣಗಬೇಕು, ಎಲೆ ಉದುರಬೇಕು. ಗೊಂಚಲು ತುಂಬಿಬರುವುದು ಆಗಲೇ. ಕೊಂಬೆ ಸವರುವುದಿದ್ದರೆ ಹೂ ಮುಗಿದೊಡನೆ ಸವರಿ. ಬೇಸಿಗೆಗೆ ಮುನ್ನ ಕತ್ತರಿ ಆಡಿಸಿದರೆ ಆ ವರ್ಷದ ಹೂವೇ ಹೋದೀತು.

ಮಳೆಗಾಲದಲ್ಲಿ ಹಸಿರು ಹುಳುಗಳು ಎಲೆ ಮೇಯುತ್ತವೆ. ಔಷಧಿ ಹೊಡೆಯಬೇಡಿ, ಅವು ತಿಳಿಹಳದಿ ಚಿಟ್ಟೆಯ ಮರಿಗಳು, ಮರ ಮತ್ತೆ ಚಿಗುರುತ್ತದೆ. ಹೂವಿಗೆ ಬರುವುದು ಕರಿದುಂಬಿ. ಮಕರಂದವಿಲ್ಲದ ಈ ಹೂವಿನ ಕೇಸರಗಳನ್ನು ಅಪ್ಪಿ, ಮೈ ಅದುರಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಆ ಗುಂಯ್‌ಗುಡುವಿಕೆ ನೆಲದಲ್ಲಿ ನಿಂತವರಿಗೂ ಕೇಳುತ್ತದೆ.

ಬೀಜದಿಂದ ಬಂದ ಗಿಡಕ್ಕೆ ಐದಾರು ವರ್ಷವಾದರೂ ಕಾಯಬೇಕು. ಗೋಡೆಯಿಂದ 15 ಅಡಿ ಜಾಗ ಬಿಡಲಾಗದವರು ಕಕ್ಕೆಯ ಆಸೆ ಬಿಟ್ಟು, ಬೀದಿ ಬದಿಯದನ್ನೇ ನೋಡಿ ಬರುವುದು ಮೇಲು.