ಹೊಳೆ ಬತ್ತಿದರೆ ಹರಗಿ ಮೀನಿಗೆ ನೆಲೆ ಎಲ್ಲಿ?

ಕೊಪ್ಪಳ: ಬೇಸಿಗೆಯಲ್ಲಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯ ಕೆಳಗೆ ನದಿಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತವೆ. ಗಂಗಾವತಿ ಭಾಗದ ಆನೆಗೊಂದಿಯವರೆಗೂ ಹೊಳೆ ಅಲ್ಲಲ್ಲಿ ತುಂಡಾಗಿ ಮಡುಗಳಲ್ಲಿ ನಿಲ್ಲುತ್ತದೆ. ಈ ನದಿಗೇ ಹೊಂದಿಕೊಂಡು ಬೆಳೆದ ದೇಶಿ ಮೀನುಗಳ ಅಳಿವು ಉಳಿವು ಈ ಮಡುಗಳನ್ನೇ ಅವಲಂಬಿಸಿದೆ.

ಅಪಾಯದಲ್ಲಿರುವ ಮೀನುಗಳು

ಕೃಷ್ಣಾ ಕೊಳ್ಳದ ಹಲವು ಮೀನುಗಳು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿವೆ. ಜಲಸಸ್ಯ ತಿಂದು ಬದುಕುವ ಹರಗಿ (ಹಿಪ್ಸೆಲೋಬಾರ್ಬಸ್ ಪುಲ್ಕೆಲ್ಲಸ್) ತೀವ್ರ ಅಪಾಯದ ವರ್ಗಕ್ಕೆ ಸೇರಿದೆ. ಜಲಾಶಯದ ಆರಂಭದ ವರ್ಷಗಳಲ್ಲಿ ಇದು ಬಲೆಗೆ ಧಾರಾಳವಾಗಿ ಬೀಳುತ್ತಿತ್ತು. ಮೂತಿಯ ಮೇಲೆ ಕೋಡಿನಂಥ ಉಬ್ಬು ಇರುವ ನುಕ್ತಾ ಮೀನನ್ನು ಬ್ರಿಟಿಷ್ ಅಧಿಕಾರಿ ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ. ಇದೂ ಅಳಿವಿನಂಚಿನ ಪಟ್ಟಿಯಲ್ಲಿದೆ.

ಹರಿವು ಏಕೆ ಮುಖ್ಯ?

ಇಂತಹ ಮೀನುಗಳಲ್ಲಿ ಹೆಚ್ಚಿನವು ಮುಂಗಾರಿನ ಹೊಸ ನೀರು ಬಂದಾಗ ಪ್ರವಾಹಕ್ಕೆ ಎದುರಾಗಿ ಈಜಿ, ಮೇಲ್ಭಾಗದ ಜಲ್ಲಿಕಲ್ಲು, ಮರಳಿನ ತಳದಲ್ಲಿ ಮೊಟ್ಟೆಯಿಡುತ್ತವೆ. 1953ರಲ್ಲಿ ನೀರು ಸಂಗ್ರಹ ಆರಂಭವಾದ ಅಣೆಕಟ್ಟೆ ಈ ಹಾದಿಯನ್ನು ತಡೆಯಿತು. ಮೊದಲ ಮಳೆಯ ನೀರು ಜಲಾಶಯ ತುಂಬುವುದಕ್ಕೇ ಹೋಗುವುದರಿಂದ, ಕೆಳಗಿನ ಮೀನುಗಳಿಗೆ ಋತುವಿನ ಸೂಚನೆಯೂ ತಡವಾಗಿ ತಲುಪುತ್ತದೆ.

ಬೇಸಿಗೆಯ ಪೆಟ್ಟು ಬೇರೆ ಬಗೆಯದು. ಮಡುವಿನ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕುಸಿಯುತ್ತದೆ. ಒಂದೆಡೆ ಸೇರಿದ ಮೀನು ಬಲೆಗೂ ಸಿಡಿಮದ್ದಿಗೂ ಸುಲಭ ತುತ್ತು. ಮರಳು ತೆಗೆದ ಕಡೆ ಮೊಟ್ಟೆಯಿಡುವ ತಳವೇ ಉಳಿಯುವುದಿಲ್ಲ. ಹೂಳಿನಿಂದಾಗಿ ಜಲಾಶಯದ ಸಾಮರ್ಥ್ಯ ಮೂಲ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದ್ದು, ಇರುವ ನೀರಿಗೆ ಕಾಲುವೆಗಳ ಬೇಡಿಕೆಯೇ ಮೊದಲಾಗಿದೆ.

ಕುಷ್ಟಗಿ, ಯಲಬುರ್ಗಾಕ್ಕೇನು?

ಈ ಎರಡೂ ತಾಲ್ಲೂಕುಗಳು ಹೊಳೆದಂಡೆಯಲ್ಲಿಲ್ಲ. ಇಂಥ ಬಯಲುಸೀಮೆಯ ಕೆರೆಗಳಿಗೆ ಸಾಮಾನ್ಯವಾಗಿ ಬಿಡುವುದು ಗಂಗಾ ಬಯಲಿನ ಮೂಲದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು. ಹೀಗಾಗಿ ಸಂತೆಯಲ್ಲಿ ಮೀನಿಗೆ ಕೊರತೆ ಕಾಣದು. ಹೊಳೆಯ ಮೀನು ಕಣ್ಮರೆಯಾಗುತ್ತಿರುವುದು ಕೊಳ್ಳುವವರ ಗಮನಕ್ಕೆ ಬರುವುದೇ ಇಲ್ಲ.

ನೀರುನಾಯಿಗೆ ರಕ್ಷಣೆ, ಅದರ ಆಹಾರಕ್ಕೆ?

ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ನದಿಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ನೀರುನಾಯಿ ಬದುಕುವುದು ಮೀನು ತಿಂದು. ನದಿಯಲ್ಲಿ ಹರಿವು ಇಲ್ಲದಿದ್ದರೆ ಗಡಿ ಗುರುತಿಸಿದ ಮೀಸಲು ಪ್ರದೇಶದಿಂದ ಅರ್ಧ ಪ್ರಯೋಜನವಷ್ಟೇ.

ಪರಿಹಾರವೆಂದರೆ ರೈತರ ನೀರನ್ನು ಕಸಿಯುವುದಲ್ಲ. ಗಂಗಾವತಿಯ ಭತ್ತದ ಗದ್ದೆಗಳಿಗೆ ಎಡದಂಡೆ ಕಾಲುವೆಯೇ ಜೀವಾಳ. 2012ರ ರಾಷ್ಟ್ರೀಯ ಜಲನೀತಿ ನದಿಯ ಹರಿವಿನ ಒಂದು ಪಾಲು ಪರಿಸರದ ಅಗತ್ಯಕ್ಕೆ ಮೀಸಲಿರಬೇಕೆಂದು ಹೇಳುತ್ತದೆ. ಬೇಸಿಗೆಯುದ್ದಕ್ಕೂ ಮಡುಗಳು ಒಂದಕ್ಕೊಂದು ಕೂಡಿರುವಷ್ಟು ಸಣ್ಣ ಹರಿವು, ಮುಂಗಾರಿನ ಮೊದಲಿಗೆ ಒಂದಿಷ್ಟು ಹೊಸ ನೀರು, ಮೊಟ್ಟೆಯಿಡುವ ಕಾಲದಲ್ಲಿ ಮೀನುಗಾರಿಕೆಗೂ ಮರಳುಗಾರಿಕೆಗೂ ಕಟ್ಟುನಿಟ್ಟಿನ ತಡೆ: ಇಷ್ಟಾದರೂ ಆಗಬೇಕು. ಹರಗಿಯ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಬಹುದು. ಆದರೆ ಅವುಗಳನ್ನು ಬಿಡಲು ಹರಿಯುವ ಹೊಳೆ ಇರಬೇಕಲ್ಲ!