ಗೋಡೆಯೊಳಗಿನ ಎಂಟು ಎಳೆ

ನೋಯ್ಡಾ, ಗುರುಗ್ರಾಮಗಳ ಹೊಸ ಬಹುಮಹಡಿ ಕಟ್ಟಡಗಳಲ್ಲಿ ಇಟ್ಟಿಗೆ ಗೋಡೆ ಕಡಿಮೆಯಾಗುತ್ತಿದೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಛಾವಣಿ ಎರಡನ್ನೂ ಒಟ್ಟಿಗೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಕಟ್ಟಡದವರ ಬಾಯಲ್ಲಿ ಇದು ‘ಮೈವಾನ್’. ಅಂಥ ಗೋಡೆಯನ್ನು ಆಮೇಲೆ ಕೊರೆದು ಪೈಪು ಕೂರಿಸುವಂತಿಲ್ಲ. ಒಳಗೆ ಉಕ್ಕಿನ ಸರಳುಗಳಿವೆ, ಕಟ್ಟಡದ ಭಾರವನ್ನು ಗೋಡೆಯೇ ಹೊತ್ತಿದೆ. ಅದೇ ಕಾಂಕ್ರೀಟು ವೈಫೈ ತರಂಗಗಳನ್ನೂ, ಅದರಲ್ಲೂ 5 ಗಿಗಾಹರ್ಟ್ಸ್‌ನವನ್ನು, ಹೀರಿಕೊಳ್ಳುತ್ತದೆ. ಫೈಬರ್ ಬಾಗಿಲ ಬಳಿಯ ಪೆಟ್ಟಿಗೆಯ ತನಕ ಭರ್ಜರಿಯಾಗಿ ಬರುತ್ತದೆ, ಕೊನೆಯ ಕೋಣೆಯಲ್ಲಿ ಕೂತವರ ವಿಡಿಯೊ ಕರೆ ಮಾತ್ರ ತಡವರಿಸುತ್ತದೆ. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಒಳ್ಳೆಯ ಹೆಜ್ಜೆ. ಆದರೂ ಕೋಣೆಯಿಂದ ಕೋಣೆಗೆ ಎಳೆಯುವ ತಂತಿ ಎಂಥದ್ದು ಎಂಬುದನ್ನು ಮನೆಯವರೇ ನೋಡಿಕೊಳ್ಳಬೇಕು.

ಟೆಲಿಫೋನಿಗೆ, ಟಿವಿಗೆ ಎಂದು ಬಿಲ್ಡರ್ ಹಾಕಿಟ್ಟ ಪೈಪುಗಳು ಅನೇಕ ಫ್ಲಾಟುಗಳಲ್ಲಿ ಮಲಗುವ ಕೋಣೆಯವರೆಗೂ ಹೋಗಿರುತ್ತವೆ. ಹಳೆಯ ತಂತಿಯ ತುದಿಗೆ ಹೊಸ ನೆಟ್‌ವರ್ಕ್ ಕೇಬಲ್ ಕಟ್ಟಿ ನಿಧಾನಕ್ಕೆ ಎಳೆದುಕೊಳ್ಳಬಹುದು. ಎಳೆತ 110 ನ್ಯೂಟನ್, ಅಂದರೆ ಸುಮಾರು 11 ಕಿಲೋ ಭಾರದಷ್ಟನ್ನು ಮೀರಬಾರದು. ಮೀರಿದರೆ ಒಳಗಿನ ಹೊಸೆತ ಹದಗೆಡುತ್ತದೆ. ಕರೆಂಟಿನ ವೈರಿರುವ ಪೈಪಿಗೆ ಇದನ್ನು ತುರುಕಲೇಬಾರದು.

ಎಂಟು ಎಳೆಗಳನ್ನು ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳು ಇದರೊಳಗಿವೆ. ಆ ಹೊಸೆತವೇ ಈ ಕೇಬಲ್ಲಿನ ಜೀವ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಟೆಲಿಫೋನ್ ತಂತಿಗಳಿಗಾಗಿ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ನಡೆಯುತ್ತಿದೆ. ಜೋಡಿಯ ಒಂದು ಎಳೆಯಲ್ಲಿ ಸಂಕೇತ ನೇರವಾಗಿ ಹರಿದರೆ ಇನ್ನೊಂದರಲ್ಲಿ ಅದೇ ಸಂಕೇತ ತಲೆಕೆಳಗಾಗಿ ಹರಿಯುತ್ತದೆ. ಹತ್ತಿರದ ಎಸಿ ವೈರಿನಿಂದ ಬರುವ ಗದ್ದಲ, ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವುದರಿಂದ, ಎರಡರ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಆಚೆ ತುದಿಯ ಯಂತ್ರ ಓದುವುದು ಎರಡರ ವ್ಯತ್ಯಾಸವನ್ನು ಮಾತ್ರ. ಸಮನಾದದ್ದು ಅಲ್ಲಿ ಕಳೆದುಹೋಗುತ್ತದೆ. ಸಿಪ್ಪೆ ಬಿಡಿಸಿ ನೋಡಿದರೆ ನಾಲ್ಕು ಜೋಡಿಗಳ ಹೊಸೆತದ ಬಿಗಿ ನಾಲ್ಕು ಬಗೆ. ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಸೋರದಿರಲೆಂದೇ ಹಾಗೆ ಮಾಡಿರುತ್ತಾರೆ.

ಇನ್ನು ಕೇಬಲ್ಲಿನ ದರ್ಜೆ ಹೇಳುವ ಕ್ಯಾಟ್ ಸಂಖ್ಯೆ. ಕ್ಯಾಟ್-5ಇ ಕೇಬಲ್ 100 ಮೀಟರಿಗೆ ಸೆಕೆಂಡಿಗೊಂದು ಗಿಗಾಬಿಟ್ ಸಾಗಿಸುತ್ತದೆ. ಕ್ಯಾಟ್-6 ಅಷ್ಟನ್ನು ಮಾಡುವುದಲ್ಲದೆ, ಒಳ್ಳೆಯ ಸ್ಥಿತಿಯಲ್ಲಿ 55 ಮೀಟರಿನವರೆಗೆ ಹತ್ತು ಗಿಗಾಬಿಟ್ ಕೂಡ ಒಯ್ಯಬಲ್ಲದು. ಮೂರು ಕೋಣೆಯ ಫ್ಲಾಟಿನಲ್ಲಿ ಅತಿ ಉದ್ದದ ಎಳೆತವೂ ಅದಕ್ಕಿಂತ ಗಿಡ್ಡ. ಕ್ಯಾಟ್-8 ಇರುವುದು ಡೇಟಾ ಸೆಂಟರುಗಳ 30 ಮೀಟರ್ ಒಳಗಿನ ಕೆಲಸಕ್ಕೆ. ಲೋಹದ ಹಾಳೆ ಸುತ್ತಿದ ಕೇಬಲ್ಲು ಸರಿಯಾದ ಅರ್ಥಿಂಗ್ ಬೇಡುತ್ತದೆ. ಅದು ಖಚಿತವಿಲ್ಲದ ಮನೆಗೆ ಹಾಳೆಯಿಲ್ಲದ ಕ್ಯಾಟ್-6 ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದ ದುಡ್ಡು ತಾಮ್ರಕ್ಕೆ ಹೋಗಲಿ.

ಏಕೆಂದರೆ ಮೋಸ ನಡೆಯುವುದು ತಾಮ್ರದಲ್ಲಿ. ದೆಹಲಿಯ ನೆಹರೂ ಪ್ಲೇಸ್ ಇರಲಿ, ಕೆಂಪುಕೋಟೆಯೆದುರಿನ ಲಾಜಪತ್ ರಾಯ್ ಮಾರ್ಕೆಟ್ ಇರಲಿ, ಆನ್‌ಲೈನ್ ಇರಲಿ, ಒಂದೇ ‘ಕ್ಯಾಟ್-6’ ಹೆಸರಿನ 305 ಮೀಟರ್ ಡಬ್ಬಿಗಳ ಬೆಲೆಯಲ್ಲಿ ಭಾರಿ ಅಂತರ ಕಂಡರೆ ಸಿಸಿಎ ಎಂಬ ಮೂರಕ್ಷರ ಹುಡುಕಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಹೊದಿಕೆ ಕೊಟ್ಟ ತಂತಿ ಅದು. ಅದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಕೇಬಲ್ಲಿನ ಅಂತಾರಾಷ್ಟ್ರೀಯ ಮಾನದಂಡಗಳು ಇದನ್ನು ಒಪ್ಪುವುದಿಲ್ಲ. ನಾಲ್ಕಾರು ಸಲ ಬಾಗಿಸಿದರೆ ಎಳೆ ಮುರಿಯುತ್ತದೆ. ಅದೇ ಕೇಬಲ್ಲಿನಲ್ಲಿ ಕರೆಂಟನ್ನೂ ಪಡೆಯುವ ಪಿಒಇ ಕ್ಯಾಮೆರಾಕ್ಕೆ ಹಾಕಿದರೆ ತಂತಿ ಹೆಚ್ಚು ಬಿಸಿಯಾಗುತ್ತದೆ, ಕ್ಯಾಮೆರಾಕ್ಕೆ ತಲುಪುವ ವೋಲ್ಟೇಜ್ ಕುಸಿಯುತ್ತದೆ. ಪತ್ತೆ ಹಚ್ಚುವುದು ಸುಲಭ: ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಡಬ್ಬಿ ಎತ್ತಿದರೂ ತಿಳಿಯುತ್ತದೆ. 23 ಗೇಜಿನ ಎಂಟು ಎಳೆ 305 ಮೀಟರಿಗೆ ಲೆಕ್ಕ ಹಾಕಿದರೆ ತಾಮ್ರವೇ ಐದೂವರೆ ಕಿಲೋ. ಸಿಸಿಎ ಆದರೆ ಎರಡು ಕಿಲೋ ಚಿಲ್ಲರೆ.

ದೆಹಲಿಯ ಮೇ ತಿಂಗಳ ಬಿಸಿಲಿನ ಬಗ್ಗೆಯೂ ಆತಂಕ ಸಹಜ. 20ರಿಂದ 40 ಡಿಗ್ರಿಯವರೆಗೆ ಪ್ರತಿ ಡಿಗ್ರಿಗೆ ಸಂಕೇತದ ನಷ್ಟ ಶೇ 0.4ರಷ್ಟು ಏರುತ್ತದೆ, ಅದರ ಮೇಲೆ ಶೇ 0.6ರಷ್ಟು. 50 ಡಿಗ್ರಿಯಲ್ಲಿ ಒಟ್ಟು ಶೇ 14. ಗೋಡೆಯೊಳಗೆ 90 ಮೀಟರ್ ಎಳೆಯಲು ಮಾನದಂಡ ಅವಕಾಶ ಕೊಡುವಾಗ, 20 ಮೀಟರಿನ ಎಳೆತಕ್ಕೆ ಇದು ಲೆಕ್ಕಕ್ಕಿಲ್ಲ. ಬಿಸಿಲು ತಿನ್ನುವುದು ಹೊರಸಿಪ್ಪೆಯನ್ನು. ತಾರಸಿಯ ಕ್ಯಾಮೆರಾಕ್ಕೆ ಹೋಗುವುದು ಹೊರಾಂಗಣದ ಕಪ್ಪು ಸಿಪ್ಪೆಯ ಕೇಬಲ್ಲೇ ಆಗಿರಬೇಕು.

ತಂತಿ ಎಷ್ಟೇ ಒಳ್ಳೆಯದಿರಲಿ, ಕೆಲಸ ಕೆಡುವುದು ಹೆಚ್ಚಾಗಿ ತುದಿಯಲ್ಲಿ. ಗೋಡೆಯಿಂದ ಹೊರಬಂದ ಗಟ್ಟಿ ಎಳೆಯ ಕೇಬಲ್ಲಿಗೆ ನೇರ ಆರ್‌ಜೆ-45 ಪ್ಲಗ್ ಹೊಡೆದು ರೂಟರಿಗೆ ಸಿಕ್ಕಿಸುವುದು ಇಲ್ಲಿ ಸಾಮಾನ್ಯ. ದಿನವೂ ಅಲುಗಿದರೆ ಗಟ್ಟಿ ಎಳೆ ತುಂಡಾಗುತ್ತದೆ. ಗೋಡೆಯ ಬಾಕ್ಸಿನಲ್ಲಿ ಜ್ಯಾಕ್ ಕೂರಿಸಿ, ಅಲ್ಲಿಂದ ಮುಂದಕ್ಕೆ ಮೆತ್ತನೆಯ ಪ್ಯಾಚ್ ಕಾರ್ಡ್ ಬಳಸುವುದು ಸರಿಯಾದ ಕ್ರಮ. ಎಳೆ ಕೂರಿಸುವ ಕ್ರೋನ್ ಟೂಲಿನಿಂದ ಒತ್ತಿದಾಗ ಜ್ಯಾಕಿನ ಲೋಹದ ಸೀಳು ಎಳೆಯ ಪ್ಲಾಸ್ಟಿಕ್ಕನ್ನು ತಾನೇ ಕತ್ತರಿಸಿ ತಾಮ್ರವನ್ನು ಕಚ್ಚಿಕೊಳ್ಳುತ್ತದೆ. ಅಲ್ಲಿ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಇಲ್ಲಿಯ ಧೂಳಿಗೆ ಮುಚ್ಚಳವಿರುವ ಫೇಸ್ ಪ್ಲೇಟ್ ಒಳ್ಳೆಯದು.

ಬಣ್ಣಗಳ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಲಿ. ಬಳಕೆಯಲ್ಲಿರುವ ‘ಬಿ’ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ಕ್ಕೆ ಸೀಳಿ ಹೋಗುವುದನ್ನು ಗಮನಿಸಿ. ನಡುವಿನ 4, 5 ಟೆಲಿಫೋನಿನ ಜೋಡಿಗೆ ಮೀಸಲಾಗಿದ್ದ ಕಾಲದ ಗುರುತು ಅದು. ಇದನ್ನರಿಯದೆ ಬಣ್ಣಗಳನ್ನು ಸಾಲಾಗಿ ಎರಡೆರಡು ಜೋಡಿಸಿದರೂ ಎಂಟು ದೀಪದ ಅಗ್ಗದ ಟೆಸ್ಟರ್ ‘ಸರಿ’ ಎನ್ನುತ್ತದೆ, ಏಕೆಂದರೆ ಪ್ರತಿ ಎಳೆಯೂ ಆಚೆ ತುದಿ ಮುಟ್ಟಿರುತ್ತದೆ. ಆದರೆ ಜೊತೆಗೆ ಹೊಸೆಯದ ಎರಡು ಎಳೆಗಳು ಈಗ ಜೋಡಿಯಾಗಿರುವುದರಿಂದ ಗದ್ದಲ ಕಳೆಯುವುದಿಲ್ಲ.

ಆದ್ದರಿಂದ ಕೂಲಿ ಕೊಡುವ ಮುನ್ನ ಪ್ರತಿ ಪಾಯಿಂಟಿಗೂ ಗಿಗಾಬಿಟ್ ಪೋರ್ಟಿರುವ ಲ್ಯಾಪ್‌ಟಾಪ್ ಸಿಕ್ಕಿಸಿ ಸಂಪರ್ಕದ ವೇಗ ನೋಡಿ, ದೊಡ್ಡದೊಂದು ಫೈಲನ್ನೂ ಕಳಿಸಿ ನೋಡಿ. 1000 ಎಂದಿರಬೇಕಾದ ಕಡೆ 100 ಎಂದು ಕಂಡರೆ ಅದಕ್ಕೊಂದು ಅರ್ಥವಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, ನೂರಕ್ಕೆ ಎರಡೇ ಸಾಕು. ಯಾವುದೋ ಒಂದು ಎಳೆ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಬಹುಪಾಲು ಅದು ಜ್ಯಾಕಿನಲ್ಲೇ ಇರುತ್ತದೆ. ಅಲ್ಮೇರಾ ಬಂದು ಗೋಡೆಗೆ ಒರಗುವ ಮೊದಲೇ ಅದನ್ನು ಬಿಚ್ಚಿಸಿ ಮತ್ತೆ ಒತ್ತಿಸಬೇಕು.